ಬಣ್ಣದ ಋಣ

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಹಿಂದೆ ಶ್ರವಣಬೆಳಗೊಳದಿಂದ ತಂದ ಗೊಮ್ಮಟನ ಒಂದು ಪುಟ್ಟ ಮೂರ್ತಿ, ಚನ್ನಪಟ್ಟಣದ ಎರಡು ಬೊಂಬೆ, ಗಂಧದ ಮರದ ಆನೆ, ಮದುವೆಗೆ ಉಡುಗೊರೆಯಾಗಿ ಬಂದು ಎಂದೋ ನಿಂತುಹೋದ ಗಡಿಯಾರ, ಇಷ್ಟಿದ್ದವು. ಮುಂಬಯಿ ಕಡೆಯ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ವಸ್ತುಗಳೇ. ಈಗ ಅವೆಲ್ಲ ಮೇಲಿನ ಅಂತಸ್ತಿಗೆ ಬಡ್ತಿ ಪಡೆದಿವೆ. ಕೆಳಗಿನ ಎರಡು ಅಂತಸ್ತುಗಳಲ್ಲಿ ಮೋಟಾರು ಪಂದ್ಯದ ಹದಿನಾಲ್ಕು ಪುಟ್ಟ ಕಾರುಗಳು ಸಾಲಾಗಿ ನಿಂತಿವೆ. ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಮನೆಗೆ ಬಂದವರು ಮೊದಲು ನೋಡುವುದು ಅವನ್ನೇ. ‘ಮಗ ಇನ್ನೂ ಆಟಿಕೆ ಬಿಟ್ಟಿಲ್ಲವೇ?’ ಎಂದು ಕೇಳುತ್ತಾರೆ. ಅವು ಆಟಿಕೆಗಳಲ್ಲವೆಂದು ವಿವರಿಸುವ ಹೊತ್ತಿಗೆ ಕಾಫಿ ಆರಿಹೋಗಿರುತ್ತದೆ. ವಿವರಿಸಲು ಪುರಸೊತ್ತಾಗಿ ಒಂದು ಲೇಖನವೇ ಬೇಕಾದೀತು ಎಂದುಕೊಂಡು ಇದನ್ನು ಬರೆಯುತ್ತಿದ್ದೇವೆ. ಕಾರುಗಳ ನೆಪದಲ್ಲಿ ನಮ್ಮನ್ನು ಬಹಳ ದಿನ ಕಾಡಿದ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡುವುದು ನಮ್ಮ ನಿಜವಾದ ಉದ್ದೇಶ.

ಈ ಸಂಗ್ರಹದ ಯಜಮಾನ ನಮ್ಮ ಮಗ. ಊರಿನಲ್ಲಿ ಅಜ್ಜಿ ಕೈಗಿತ್ತ ನೋಟು, ಹಬ್ಬಕ್ಕೆ ಬಂದವರು ಕೊಟ್ಟದ್ದು, ಕೆಳಗಿನ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಗಳಿಸಿದ್ದು, ಎಲ್ಲವೂ ಕೊನೆಗೆ ಕಾರಾಗಿಬಿಡುತ್ತದೆ. ಹದಿನಾಲ್ಕರಲ್ಲಿ ಹತ್ತು ಕಾರುಗಳು ಸ್ಟೇಷನರಿ ಅಂಗಡಿಗಳಲ್ಲಿ ಇನ್ನೂರು ರೂಪಾಯಿಯೊಳಗೆ ಸಿಗುವ ಬೆರಳುದ್ದದವು. ಉಳಿದ ನಾಲ್ಕು ಬೇರೆಯ ಜಾತಿ. ಅವು 1:43 ಅಳತೆಯವು, ಅಂದರೆ ನಿಜವಾದ ಕಾರಿನ ನಲವತ್ತಮೂರು ಸೆಂಟಿಮೀಟರು ಇಲ್ಲಿ ಒಂದು ಸೆಂಟಿಮೀಟರು. ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ ಒಡಲು. ಹುಬ್ಬಿನ ಕೂದಲಿನಷ್ಟು ತೆಳ್ಳಗಿನ ಕನ್ನಡಿಕಂಬಿಗಳು. ಬೆಲೆ ಸಾವಿರಗಳಲ್ಲಿ. ಆ ನಾಲ್ಕಕ್ಕಾಗಿ ಅವನು ನಾಲ್ಕು ವರ್ಷ ಕಾದಿದ್ದಾನೆ. ಕಾಯುವುದನ್ನು ಕಲಿಸಿದ ಹವ್ಯಾಸವೆಂದು ನಮಗೆ ಅದರ ಮೇಲೆ ಗೌರವವೂ ಇದೆ.

ಆದರೆ ಅವನಿಗೆ ಯಾವುದೋ ಒಂದು ಪಂದ್ಯದ ಕಾರು ಸಿಕ್ಕರೆ ಸಾಲದು. ಹಣ ಕೊಟ್ಟ ಕಂಪನಿಯ ಹಳೆಯ, ಪ್ರಸಿದ್ಧವಾದ ಬಣ್ಣ ತೊಟ್ಟ ಕಾರೇ ಆಗಬೇಕು. ಇಂಗ್ಲಿಷಿನಲ್ಲಿ ಈ ಬಣ್ಣದ ವೇಷಕ್ಕೆ ಲಿವರಿ ಎನ್ನುತ್ತಾರೆ. ಮೂಲದಲ್ಲಿ ಆ ಪದಕ್ಕೆ ಒಡೆಯನು ತನ್ನ ಚಾಕರರಿಗೆ ಕೊಡುತ್ತಿದ್ದ ಉಡುಪು ಎಂದರ್ಥ. ನಮ್ಮ ಕಡೆಯ ಅರಮನೆಯ ಸೇವಕರ ಪೇಟ, ಹಳೆಯ ಕಚೇರಿಗಳ ಜವಾನನ ಎದೆಯ ಮೇಲಿನ ಹಿತ್ತಾಳೆಯ ಬಿಲ್ಲೆ, ಇವೂ ಅದೇ ಜಾತಿಯವು. ತೊಟ್ಟವನು ಯಾರು ಎಂಬುದಕ್ಕಿಂತ, ಅವನು ಯಾರ ಅನ್ನ ಉಣ್ಣುತ್ತಾನೆ ಎಂಬುದನ್ನು ಬಿಲ್ಲೆ ಮೊದಲು ಹೇಳುತ್ತದೆ.

ಮೋಟಾರು ಪಂದ್ಯದಲ್ಲಿ ಮೊದಲು ಹೀಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದ ಕಾರುಗಳು ತಂತಮ್ಮ ದೇಶದ ಬಣ್ಣ ಧರಿಸಿ ಓಡುತ್ತಿದ್ದವು: ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸಿರು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ, ಅನಂತರ ಬೆಳ್ಳಿ. ಪಂದ್ಯದ ಖರ್ಚು ಏರುತ್ತ ಹೋಯಿತು. 1968ರಲ್ಲಿ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಈ ಕಟ್ಟು ಸಡಿಲಿತು. ಇಂಗ್ಲೆಂಡಿನ ಲೋಟಸ್ ತಂಡ ಆ ವರ್ಷ ತನ್ನ ಹಸಿರನ್ನು ಕಳಚಿ ‘ಗೋಲ್ಡ್ ಲೀಫ್’ ಎಂಬ ಸಿಗರೇಟಿನ ಕೆಂಪು, ಬಿಳಿ, ಚಿನ್ನದ ಬಣ್ಣ ತೊಟ್ಟಿತು. 1972ರಲ್ಲಿ ಅದೇ ತಂಡ ‘ಜಾನ್ ಪ್ಲೇಯರ್ ಸ್ಪೆಷಲ್’ ಸಿಗರೇಟಿನ ಕಪ್ಪು ಮತ್ತು ಚಿನ್ನದ ಬಣ್ಣದಲ್ಲಿ ಕಣಕ್ಕಿಳಿಯಿತು. ಆ ಕಾರಿನಲ್ಲಿ ಬ್ರೆಜಿಲಿನ ಎಮರ್ಸನ್ ಫಿಟ್ಟಿಪಾಲ್ಡಿ ವಿಶ್ವ ಚಾಂಪಿಯನ್ನನಾದ. 1974ರಿಂದ 1996ರವರೆಗೆ ಮೆಕ್‌ಲಾರೆನ್ ತಂಡದ ಕಾರುಗಳು ‘ಮಾರ್ಲ್‌ಬೊರೊ’ ಸಿಗರೇಟು ಪೊಟ್ಟಣದ ಕೆಂಪು–ಬಿಳಿಯಲ್ಲಿ ಓಡಿದವು. ದೇಶದ ಬಾವುಟವಿದ್ದ ಜಾಗಕ್ಕೆ ವ್ಯಾಪಾರದ ಬಾವುಟ ಬಂತು. ವಿಚಿತ್ರವೆಂದರೆ, ಜನ ಪ್ರೀತಿಯಿಂದ ನೆನಪಿಟ್ಟುಕೊಂಡದ್ದು ಈ ಎರಡನೆಯ ಬಾವುಟವನ್ನೇ.

ಎಲ್ಲ ಪ್ರಾಯೋಜಕರೂ ಸಿಗರೇಟಿನವರಲ್ಲ. ಮಗ ಮೊದಲು ಕೊಂಡ 1:43ರ ಕಾರು ಗಲ್ಫ್ ಎಣ್ಣೆಯ ತಿಳಿನೀಲಿ ಮತ್ತು ಕಿತ್ತಳೆ ಬಣ್ಣದ ಫೋರ್ಡ್ ಜಿ.ಟಿ. 40. ಫ್ರಾನ್ಸಿನ ಲ ಮಾನ್ ಊರಿನಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಈ ವೇಷದ ಫೋರ್ಡು 1968ರಲ್ಲಿ ಗೆದ್ದಿತು, 1969ರಲ್ಲಿಯೂ ಗೆದ್ದಿತು. ಎರಡು ವರ್ಷವೂ ಗೆದ್ದದ್ದು ಅದೇ ಒಂದು ಗಾಡಿ. ಆ ಗಲ್ಫ್ ಹೆಸರು ಈಗ ಹಿಂದುಜಾ ಸಮೂಹದ ಕೈಯಲ್ಲಿದೆ. ಭಾರತದ ಗಲ್ಫ್ ಎಣ್ಣೆ ಕಂಪನಿಯ ಪ್ರಧಾನ ಕಚೇರಿ ನಮ್ಮ ಮುಂಬಯಿಯಲ್ಲೇ ಇದೆ. ಕಲ್ಯಾಣ–ಶಿಳ್ ರಸ್ತೆಯಲ್ಲಿ ಬಸ್ಸಿನಿಂದ ಹೊರಗೆ ನೋಡುತ್ತ ಕುಳಿತ ಮಗ, ಗ್ಯಾರೇಜೊಂದರ ಬಾಗಿಲ ಮೇಲೆ ಕಿತ್ತಳೆಯ ದುಂಡು ಫಲಕ ಕಂಡೊಡನೆ, ‘ಅಪ್ಪ, ಲ ಮಾನ್!’ ಎಂದು ಕೂಗಿದ್ದುಂಟು. ಎಣ್ಣೆಯ ವಿಷಯದಲ್ಲಿ ನಮಗೆ ತಕರಾರಿರಲಿಲ್ಲ. ಅದನ್ನು ಎಲ್ಲರೂ ಉರಿಸುತ್ತಾರೆ.

ತಕರಾರು ಎದ್ದದ್ದು 2023ರ ಜುಲೈಯಲ್ಲಿ, ನಾಲ್ಕನೆಯ ಕಾರು ಬಂದಾಗ. ಅದು 1988ರ ಮೆಕ್‌ಲಾರೆನ್ ಎಂ.ಪಿ. 4/4. ಐರ್ಟನ್ ಸೆನ್ನಾ ಮತ್ತು ಅಲೈನ್ ಪ್ರಾಸ್ಟ್ ಓಡಿಸಿದ ಈ ಕಾರು ಆ ವರ್ಷದ ಹದಿನಾರು ಪಂದ್ಯಗಳಲ್ಲಿ ಹದಿನೈದನ್ನು ಗೆದ್ದಿತ್ತು. ಕೆಂಪು–ಬಿಳಿಯ ಬಣ್ಣವೇನೋ ಇತ್ತು. ಆದರೆ ಸಿಗರೇಟಿನ ಹೆಸರಿರಬೇಕಾದ ಜಾಗ ಬರಿದಾಗಿತ್ತು. ತಂಬಾಕಿನ ಜಾಹೀರಾತಿನ ಕಾನೂನುಗಳಿಗೆ ಅಂಜಿ ಅನೇಕ ತಯಾರಕರು ಹೀಗೆ ಹೆಸರಿಲ್ಲದೆಯೇ ಮಾರುತ್ತಾರೆ. ಸಂಗ್ರಾಹಕರು ಆ ಹೆಸರಿನ ತೆಳು ಹಾಳೆಯನ್ನು ಬೇರೆ ಕಡೆಯಿಂದ ತರಿಸಿ, ಅಕ್ಷರಗಳನ್ನು ಕತ್ತರಿಸಿ, ನೀರಿನಲ್ಲಿ ನೆನೆಸಿ, ಕಾರಿನ ಮೈಮೇಲೆ ಜಾರಿಸಿ ಅಂಟಿಸುತ್ತಾರೆ. ಮಗನೂ ತರಿಸಿದ್ದ. ಅವನ ಕೈ ನಡುಗುತ್ತಿತ್ತು. ‘ಅಪ್ಪ, ನೀವು ಬಿ.ಎಸ್ಸಿ. ಪ್ರಾಕ್ಟಿಕಲ್ ಮಾಡಿದವರು, ಚಿಮುಟ ಹಿಡಿದು ಅಭ್ಯಾಸ ಇದೆ. ನೀವೇ ಅಂಟಿಸಿಕೊಡಿ,’ ಎಂದ.

ನಾವು ಹಾಳೆಯನ್ನು ನೋಡಿದೆವು. ಒಳಗಿನ ಕೋಣೆಯ ಕಡೆ ನೋಡಿದೆವು. ಅಲ್ಲಿ ನಮ್ಮ ಚಿಕ್ಕಪ್ಪ ಮಲಗಿದ್ದರು.

ಚಿಕ್ಕಪ್ಪ ಪಿರಿಯಾಪಟ್ಟಣದ ಕಡೆಯ ನಮ್ಮ ಹಳ್ಳಿಯಿಂದ ಚಿಕಿತ್ಸೆಗೆಂದು ಬಂದಿದ್ದರು. ಗಂಟಲಿನ ಕ್ಯಾನ್ಸರು. ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಧ್ವನಿಪೆಟ್ಟಿಗೆ ತೆಗೆದಿದ್ದರು. ಮುಂದಿನ ವಿಕಿರಣ ಚಿಕಿತ್ಸೆ ಖಾರ್ಘರಿನ ಅವರದೇ ಕೇಂದ್ರದಲ್ಲಿ. ವಾರಕ್ಕೆ ಐದು ದಿನ, ಆರು ವಾರ. ನಮ್ಮ ಕಚೇರಿ ಬೇಲಾಪುರದಲ್ಲಿರುವುದರಿಂದ ಅನುಕೂಲವೇ ಆಯಿತು. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಪನ್ವೇಲಿನ ಲೋಕಲ್ಲಿನಲ್ಲಿ ಖಾರ್ಘರ್. ಅವರನ್ನು ಅಲ್ಲಿ ಕೂರಿಸಿ, ಒಂದು ಸ್ಟೇಷನ್ ಹಿಂದಕ್ಕೆ ಬಂದು ಕಚೇರಿ. ಮನೆಗೆ ಊರಿನ ರೋಗಿಗಳು ಬಂದು ತಂಗುವುದು ಮುಂಬಯಿಯ ಕನ್ನಡ ಕುಟುಂಬಗಳಿಗೆ ಹೊಸದಲ್ಲ. ಈ ಪತ್ರಿಕೆ ಓದುವ ಎಷ್ಟೋ ಮನೆಗಳಲ್ಲಿ ಆ ಹಾಸಿಗೆ ಒಮ್ಮೆಯಾದರೂ ಹಾಸಿದ್ದೀರಿ. ಚಿಕ್ಕಪ್ಪ ಕೊರಳಿನ ರಂಧ್ರದಿಂದ ಉಸಿರಾಡುತ್ತಿದ್ದರು, ಹೇಳಬೇಕಾದದ್ದನ್ನು ಮಗನ ಹಳೆಯ ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಅವರು ನಲವತ್ತು ವರ್ಷ ಸಿಗರೇಟು ಸೇದಿದವರು.

‘ಈ ಮನೆಯಲ್ಲಿ ಸಿಗರೇಟಿನ ಹೆಸರನ್ನು ನಮ್ಮ ಕೈಯಿಂದ ಅಂಟಿಸುವುದಿಲ್ಲ,’ ಎಂದು ನಾವು ಹೇಳಿದೆವು. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆವು.

ಮಗ ಸುಮ್ಮನಿರಲಿಲ್ಲ. ‘ಹೆಸರಿಲ್ಲದಿದ್ದರೆ ಇದು ಸುಳ್ಳು ಕಾರು ಅಪ್ಪ. ಅಂಥ ಕಾರು 1988ರಲ್ಲಿ ಇರಲೇ ಇಲ್ಲ. ನನಗೆ ಸಿಗರೇಟು ಬೇಡ, ಸತ್ಯ ಬೇಕು,’ ಎಂದ. ಹದಿನಾರರ ಹುಡುಗ ಸತ್ಯದ ಹೆಸರೆತ್ತಿದರೆ ತಂದೆಯಾದವನಿಗೆ ಒಂದು ರೀತಿಯ ಹೆಮ್ಮೆಯೂ ಒಂದು ರೀತಿಯ ಸಂಕಟವೂ ಆಗುತ್ತದೆ. ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕೆಟ್ಟದ್ದರ ಹಣದಿಂದ ಹುಟ್ಟಿದ ಚೆಲುವನ್ನು ಮೆಚ್ಚಬಹುದೇ? ಮೆಚ್ಚುವುದಾದರೆ, ಆ ಹಣದ ಹೆಸರನ್ನು ಉಳಿಸಿಕೊಂಡು ಮೆಚ್ಚಬೇಕೇ, ಅಳಿಸಿ ಮೆಚ್ಚಬೇಕೇ?

ನಮ್ಮ ಪಕ್ಷಕ್ಕೆ ಕಾನೂನಿನ ಬೆಂಬಲವಿತ್ತು. ಭಾರತದಲ್ಲಿ 2003ರ ಕಾಯಿದೆ ಸಿಗರೇಟು ಮತ್ತಿತರ ತಂಬಾಕು ವಸ್ತುಗಳ ಜಾಹೀರಾತನ್ನೂ ಪ್ರಾಯೋಜಕತ್ವವನ್ನೂ ನಿಷೇಧಿಸಿತು. ಯೂರೋಪಿನಲ್ಲಿ 2005ರ ಜುಲೈ 31ರಿಂದ ಅಂಥದೇ ನಿಷೇಧ ಬಂತು. ಕಾರಣ ಸರಳ. ಸಿಗರೇಟು ಮಾರುವವನಿಗೆ ಅದರ ರುಚಿಯನ್ನು ಹೊಗಳುವ ಅಗತ್ಯವೇ ಇಲ್ಲ. ವೇಗ, ಧೈರ್ಯ, ಗೆಲುವುಗಳ ಪಕ್ಕದಲ್ಲಿ ತನ್ನ ಹೆಸರು ನಿಂತರೆ ಸಾಕು, ಮಿಕ್ಕದ್ದನ್ನು ಹುಡುಗರ ಮನಸ್ಸೇ ಕೂಡಿಸಿಕೊಳ್ಳುತ್ತದೆ. ಇಲ್ಲಿ ಬಿ.ಎಸ್ಸಿ. ಓದಿದ ಬುದ್ಧಿ ಒಂದು ಲೆಕ್ಕ ಹಾಕಿತು. ಉದ್ದ 43ರಲ್ಲಿ ಒಂದು ಪಾಲಾದರೆ ಘನಗಾತ್ರ 43ರ ಘನದಲ್ಲಿ, ಅಂದರೆ 79,507ರಲ್ಲಿ, ಒಂದು ಪಾಲಾಗುತ್ತದೆ. 540 ಕಿಲೋ ತೂಗುವ ಆ ಕಾರನ್ನು ಅದರದೇ ವಸ್ತುಗಳಿಂದ ಈ ಅಳತೆಗೆ ಕುಗ್ಗಿಸಿದರೆ ಏಳು ಗ್ರಾಮೂ ತೂಗದು. ಎಲ್ಲವೂ ಕುಗ್ಗುತ್ತದೆ, ಹೆಸರಿನ ಶಕ್ತಿ ಮಾತ್ರ ಕುಗ್ಗುವುದಿಲ್ಲ. ಅಂಗೈಯಗಲದ ಕಾರಿನ ಮೇಲೂ ಅದು ಅಷ್ಟೇ ಸ್ಪಷ್ಟವಾಗಿ ಓದಿಸಿಕೊಳ್ಳುತ್ತದೆ.

ಆದರೆ ಮಗನ ಪಕ್ಷವೂ ಹಗುರವಲ್ಲ. ಹೆಸರನ್ನು ಅಳಿಸಿದರೆ ಹೆಸರು ಹೋಗುತ್ತದೆಯೇ? ನಿಷೇಧ ಬಂದ ಮೇಲೆ ಫೆರಾರಿ ತಂಡ ತನ್ನ ಕೆಂಪು ಕಾರಿನ ಮೇಲೆ ಸಿಗರೇಟಿನ ಹೆಸರಿನ ಬದಲು ಅಂಗಡಿಯ ವಸ್ತುಗಳ ಮೇಲಿರುವಂಥ ಬಾರ್‌ಕೋಡಿನ ಗೆರೆಗಳನ್ನು ಹಾಕಿಕೊಂಡಿತ್ತು. ಅದು ಹೆಸರಿನದೇ ನೆರಳೆಂದು ಜನ ಆಕ್ಷೇಪಿಸಿದರು. 2010ರಲ್ಲಿ ಆ ಗೆರೆಗಳನ್ನೂ ತೆಗೆಯಬೇಕಾಯಿತು. ನಮ್ಮಲ್ಲಿಯೂ ಏಲಕ್ಕಿಯ ಹೆಸರಿನಲ್ಲಿ, ಸೋಡಾದ ಹೆಸರಿನಲ್ಲಿ ಬರುವ ಜಾಹೀರಾತುಗಳು ಯಾವುದನ್ನು ನೆನಪಿಸುತ್ತವೆಂದು ಲೋಕಲ್ ಗಾಡಿಯಲ್ಲಿ ಓಡಾಡುವ ಯಾರಿಗೆ ಗೊತ್ತಿಲ್ಲ? ಮಗನ ಬರಿದಾದ ಮೆಕ್‌ಲಾರೆನ್ ಕೂಡ ಹಾಗೆಯೇ. ಕೆಂಪು–ಬಿಳಿಯ ಆ ಮೈಯೇ ಒಂದು ಪೊಟ್ಟಣ. ಹೆಸರು ಮಾತ್ರ ತೆಗೆದದ್ದರಿಂದ ಮಾರುವವನ ಕೈ ತೊಳೆದಂತಾಯಿತೇ ಹೊರತು ಕಾರು ಪರಿಶುದ್ಧವಾಗಲಿಲ್ಲ.

ನಮ್ಮದೇ ಒಂದು ನೆನಪು ಬಂತು. 1996ರ ಮಾರ್ಚ್ 9. ನಾವು ದ್ವಿತೀಯ ಪಿ.ಯು.ಸಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನಗಳ ವಿಶ್ವಕಪ್ ಕ್ವಾರ್ಟರ್ ಫೈನಲ್. ಪರೀಕ್ಷೆಯ ಪುಸ್ತಕ ಮುಚ್ಚಿಟ್ಟು ಪಕ್ಕದ ಮನೆಯ ಟಿ.ವಿ. ಮುಂದೆ ಕುಳಿತಿದ್ದೆವು. ತನಗೆ ಬೌಂಡರಿ ಹೊಡೆದು ಬ್ಯಾಟು ತೋರಿಸಿ ಕೆಣಕಿದ ಆಮಿರ್ ಸೊಹೇಲನನ್ನು ಮರು ಚೆಂಡಿನಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಬೌಲ್ಡ್ ಮಾಡಿದಾಗ, ಓಣಿಗೆ ಓಣಿಯೇ ಎದ್ದು ಕುಣಿಯಿತು. ಆ ಪಂದ್ಯಾವಳಿಯ ಅಧಿಕೃತ ಹೆಸರು ವಿಲ್ಸ್ ವಿಶ್ವಕಪ್. ವಿಲ್ಸ್ ಎಂಬುದು ಸಿಗರೇಟಿನ ಹೆಸರು. ಈಗ ನಾವು ಆ ರಾತ್ರಿಯನ್ನು ನೆನೆಯುವಾಗ ಸಿಗರೇಟನ್ನು ನೆನೆಯುವುದಿಲ್ಲ. ನೆನೆಯದಿರುವುದು ನಮ್ಮ ಒಳ್ಳೆಯತನವೇ, ಮರೆವೇ? ಆ ಸಂತೋಷಕ್ಕೆ ಹಣ ಕೊಟ್ಟವರು ಯಾರೆಂದು ಹೇಳದೆ ಮಗನಿಗೆ ಆ ಕಥೆಯನ್ನು ಎಷ್ಟು ಸಲ ಹೇಳಿದ್ದೇವೆ!

ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಮೂರನೆಯ ದಿನ ಚಿಕ್ಕಪ್ಪ ಕಾರನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಚಕ್ರ ತಿರುಗಿಸಿ ನೋಡಿದರು. ಅವರಿಗೆ ಜಗಳದ ಕಾರಣ ಗೊತ್ತಾಗಿತ್ತು. ಎರಡು ಕೋಣೆಯ ಮನೆಯಲ್ಲಿ ಯಾವುದೂ ಗುಟ್ಟಲ್ಲ. ಸ್ಲೇಟು ತೆಗೆದುಕೊಂಡು ನಮಗೆ ಬರೆದರು: ‘ನೀನು ಓದಿದ್ದು ಯಾವ ದುಡ್ಡಲ್ಲಿ ಮಗ?’

ನಾವು ಉತ್ತರ ಕೊಡಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು.

ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇವೆ. ಅಲ್ಲಿನ ಕೆಂಪು ಹಗುರ ಮಣ್ಣಿನಲ್ಲಿ ಸಿಗರೇಟಿಗೆ ಬೇಕಾದ ಹೊಗೆಸೊಪ್ಪು ಬೆಳೆಯುತ್ತದೆ. ಮುಂಗಾರಿನಲ್ಲಿ ಸಸಿ ನಾಟಿ, ಎಲೆ ಮಾಗಿದಂತೆ ಕೆಳಗಿನಿಂದ ಮೇಲಕ್ಕೆ ಮುರಿಯುತ್ತ ಬರಬೇಕು. ಹೆಂಗಸರು ಎಲೆಗಳನ್ನು ಕಡ್ಡಿಗೆ ಪೋಣಿಸುತ್ತಾರೆ. ಅಂಟು ಮೆತ್ತಿ ಕೈ ಕಪ್ಪಾಗುತ್ತದೆ. ಮಳೆಯಲ್ಲಿ ನೆನೆದ ಹಸಿ ಎಲೆ ಮುರಿದವರಿಗೆ ತಲೆಸುತ್ತು, ವಾಂತಿ. ಅದರ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುತ್ತದೆ ಎಂಬುದನ್ನು ನಾವು ಕಾಲೇಜಿಗೆ ಹೋದ ಮೇಲೆ ತಿಳಿದೆವು. ಪೋಣಿಸಿದ್ದನ್ನು ಬ್ಯಾರನ್ನಿನಲ್ಲಿ ತೂಗುಹಾಕಿ, ಸೌದೆ ಉರಿಸಿ, ಐದಾರು ದಿನ ಹಗಲು ರಾತ್ರಿ ಶಾಖವನ್ನು ಹದವಾಗಿ ಏರಿಸುತ್ತ ಎಲೆಯನ್ನು ಹಳದಿಯಾಗಿಸಬೇಕು. ರಾತ್ರಿ ಒಬ್ಬರು ಎಚ್ಚರವಿರಲೇಬೇಕು. ನಮ್ಮ ಮನೆಯಲ್ಲಿ ಎಚ್ಚರವಿರುತ್ತಿದ್ದವರು ಚಿಕ್ಕಪ್ಪ. ನಿದ್ದೆ ಬಾರದಿರಲೆಂದು ಅವರು ಸೇದಲು ಕಲಿತದ್ದು ಆ ಬ್ಯಾರನ್ನಿನ ಬಾಗಿಲಲ್ಲಿ. ನಮ್ಮ ತಂದೆ ಬೇಲುಗಳನ್ನು ಕಂಪಲಾಪುರದ ಹರಾಜಿಗೆ ಸಾಗಿಸುತ್ತಿದ್ದರು. ಕೇಂದ್ರ ಸರ್ಕಾರ ತಂಬಾಕು ಮಂಡಳಿಯನ್ನು ಸ್ಥಾಪಿಸಿದ್ದು 1976ರಲ್ಲಿ. ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಹರಾಜಿನ ದುಡ್ಡು ಬಂದ ದಿನ ನಮ್ಮ ಮೈಸೂರಿನ ಹಾಸ್ಟೆಲಿನ ಫೀಸು ಕಟ್ಟುತ್ತಿದ್ದರು.

ಹೀಗೆ ನಮ್ಮ ಬಿ.ಎಸ್ಸಿ. ಪದವಿಯ ಮೇಲೆ ಒಂದು ಬಿಲ್ಲೆ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಚಿಮುಟ ಹಿಡಿಯಲು ಕಲಿತ ಕೈಗೆ ಹಣ ಕೊಟ್ಟದ್ದೇ ಹೊಗೆಸೊಪ್ಪು. ಆ ಕೈಯಿಂದಲೇ ಸಿಗರೇಟಿನ ಹೆಸರನ್ನು ಮುಟ್ಟೆವೆಂದು ನಾವು ಹಟ ಹಿಡಿದಿದ್ದೆವು! ಇನ್ನೂ ಕೆದಕಿದರೆ ನಮ್ಮಂಥ ಗುಮಾಸ್ತರ ಎಲ್.ಐ.ಸಿ. ಪಾಲಿಸಿಗಳಿವೆ, ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯ ದೊಡ್ಡ ಶೇರುದಾರರಲ್ಲಿ ಎಲ್.ಐ.ಸಿ.ಯೂ ಒಂದು. ನಮಗೆ ಸಂಬಳ ಕೊಡುವ ಸರ್ಕಾರದ ಬೊಕ್ಕಸಕ್ಕೂ ತಂಬಾಕಿನ ತೆರಿಗೆ ಸೇರುತ್ತದೆ. ಹಾಗೆಂದು ಎಲ್ಲರೂ ಪಾಪಿಗಳು, ಆದ್ದರಿಂದ ಯಾರೂ ಪಾಪಿಗಳಲ್ಲ ಎಂದು ಕೈ ಝಾಡಿಸುವುದು ಸುಲಭ. ಆ ಸುಲಭದ ಮಾತು ನಮಗೆ ಒಪ್ಪಿಗೆಯಾಗಲಿಲ್ಲ. ಚಿಕ್ಕಪ್ಪನ ಕೊರಳಿನ ಪಟ್ಟಿಯನ್ನು ದಿನವೂ ಬದಲಿಸುವಾಗ ಅಂಥ ಮಾತು ಬಾಯಿಗೆ ಬರುವುದಿಲ್ಲ.

ಈ ಗೊಂದಲದಲ್ಲಿ ನಮಗೆ ನೆರವಾದವರು ನಮ್ಮ ಹಳೆಯ ಕವಿಗಳು. ಪಂಪ 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಬರೆದ. ತನಗೆ ಆಶ್ರಯ ಕೊಟ್ಟ ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನೇ ಅರ್ಜುನನೊಂದಿಗೆ ಒಂದುಮಾಡಿ ಭಾರತದ ಕಥೆಯನ್ನು ಹೇಳಿದ. ರನ್ನ ಅದೇ ದಾರಿಯಲ್ಲಿ ಚಾಲುಕ್ಯ ಸತ್ಯಾಶ್ರಯನನ್ನು ಭೀಮನನ್ನಾಗಿ ಮಾಡಿ ಗದಾಯುದ್ಧವನ್ನು ರಚಿಸಿದ. ಒರಟಾಗಿ ಹೇಳುವುದಾದರೆ, ನಮ್ಮ ಸಾಹಿತ್ಯದ ಎರಡು ಮಹಾಕೃತಿಗಳು ಪ್ರಾಯೋಜಕನ ಬಣ್ಣ ತೊಟ್ಟೇ ಕಣಕ್ಕಿಳಿದವು. ಆ ರಾಜರ ಯುದ್ಧಗಳಲ್ಲಿ ಎಷ್ಟು ಊರು ಉರಿದವೋ! ಆದರೂ ಯಾವ ವಿದ್ವಾಂಸನೂ ಅರಿಕೇಸರಿಯ ಹೆಸರನ್ನು ಕೆರೆದು ತೆಗೆದು ಪಂಪಭಾರತವನ್ನು ಶುದ್ಧಿ ಮಾಡಲು ಹೊರಟಿಲ್ಲ. ಹೆಸರು ಇರುವುದರಿಂದಲೇ ನಾವು ಕಾವ್ಯವನ್ನು ಮೆಚ್ಚುತ್ತಲೂ ಇದು ಆಸ್ಥಾನದ ಹೊಗಳಿಕೆ, ಇದು ಕವಿಯ ಸ್ವಂತ ಹೃದಯ ಎಂದು ಬೇರೆ ಮಾಡುತ್ತಲೂ ಇದ್ದೇವೆ. ಹೆಸರನ್ನು ಅಳಿಸಿದ್ದರೆ ಹೊಗಳಿಕೆಯನ್ನೇ ಸತ್ಯವೆಂದು ನಂಬುತ್ತಿದ್ದೆವೇನೋ.

ಅದೇ ಪಂಪನಿಗೆ ಕರ್ಣನೆಂದರೆ ಎಷ್ಟು ಅಭಿಮಾನವೆಂಬುದು ಎಲ್ಲರಿಗೂ ತಿಳಿದದ್ದೇ. ಕರ್ಣ ದುರ್ಯೋಧನನ ಅನ್ನ ಉಂಡವನು, ಅವನ ಪಕ್ಷದಲ್ಲೇ ಮಡಿದವನು. ನಾವು ಕರ್ಣನನ್ನು ಪ್ರೀತಿಸುತ್ತೇವೆ; ಆದರೆ ಅವನು ಪಾಂಡವರ ಕಡೆ ಹೋರಾಡಿದನೆಂದು ಮಕ್ಕಳಿಗೆ ಸುಳ್ಳು ಹೇಳುವುದಿಲ್ಲ. ಪ್ರೀತಿ ಉಳಿಯಲೆಂದು ಋಣವನ್ನು ಮುಚ್ಚಿಡುವುದಿಲ್ಲ. ಋಣ ಕೆಟ್ಟದ್ದೆಂದು ಪ್ರೀತಿಯನ್ನು ಬಿಡುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಹೇಳುವುದು ಕಷ್ಟ. ಕಷ್ಟವೆಂದೇ ಅದಕ್ಕೆ ಮಹಾಭಾರತ ಬೇಕಾಯಿತು.

ಇಲ್ಲಿಗೆ ನಮಗೆ ದಾರಿ ಸ್ವಲ್ಪ ಕಂಡಿತು. ಇಂಥ ವಸ್ತುವಿನ ಮುಂದೆ ಮೂರು ಹಾದಿಗಳಿವೆ. ಎಸೆದುಬಿಡುವುದು ಒಂದು. ಅದರಲ್ಲಿ ಧೈರ್ಯವಿದೆ, ಆದರೆ ಎಸೆಯಲು ಹೊರಟರೆ ಕಪಾಟಿನಲ್ಲಿ ನಿಲ್ಲುವುದಿಲ್ಲ, ನಮ್ಮ ಪದವಿಪತ್ರವನ್ನೂ ಎಸೆಯಬೇಕು. ಹೆಸರನ್ನು ಅಳಿಸಿ ಚೆಲುವನ್ನು ಮಾತ್ರ ಇಟ್ಟುಕೊಳ್ಳುವುದು ಎರಡನೆಯದು. ಇದು ಸಭ್ಯವಾಗಿ ಕಾಣುತ್ತದೆ. ಆದರೆ ಇದರಲ್ಲಿ ಲಾಭ ನಮ್ಮದು, ಲೆಕ್ಕ ಯಾರದೂ ಅಲ್ಲ. ಮೂರನೆಯದು, ಹೆಸರನ್ನೂ ಇಟ್ಟುಕೊಂಡು ಅದರ ಬೆಲೆಯನ್ನೂ ಪಕ್ಕದಲ್ಲಿ ಬರೆದಿಡುವುದು. ಜಾಹೀರಾತು ಹೆಸರನ್ನು ಹೇಳಿ ಬೆಲೆಯನ್ನು ಬಚ್ಚಿಡುತ್ತದೆ. ನೆನಪು ಹೆಸರಿನ ಜೊತೆಗೆ ಬೆಲೆಯನ್ನೂ ಹೇಳಬೇಕು. ಈ ವ್ಯತ್ಯಾಸವಿಲ್ಲದಿದ್ದರೆ ನಮ್ಮ ಕಪಾಟೂ ಒಂದು ಬಿಟ್ಟಿ ಜಾಹೀರಾತು ಫಲಕವೇ. ಹಾಗೆ ನೋಡಿದರೆ ಸರ್ಕಾರ ಮಾಡಿದ್ದೂ ಅದನ್ನೇ. ಸಿಗರೇಟು ಪೊಟ್ಟಣದ ಮೇಲಿನ ಹೆಸರನ್ನು ಅದು ಅಳಿಸಲಿಲ್ಲ. 2016ರ ಏಪ್ರಿಲಿನಿಂದ ಪೊಟ್ಟಣದ ಶೇಕಡಾ 85 ಭಾಗದಲ್ಲಿ ರೋಗದ ಚಿತ್ರ ಹಾಕಿಸಿತು.

ಈ ಮಾತು ಸಿಗರೇಟಿಗೆ ಮಾತ್ರ ಸಲ್ಲುವುದಲ್ಲ. ಮಗನ ಕಪಾಟಿನಲ್ಲಿ 2009ರ ಫೋರ್ಸ್ ಇಂಡಿಯಾ ಕಾರೂ ಇದೆ. ಕೇಸರಿ, ಬಿಳಿ, ಹಸಿರು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ತಂಡ. ಆ ವರ್ಷ ಬೆಲ್ಜಿಯಮ್ಮಿನಲ್ಲಿ ಅದು ಮೊದಲ ಸ್ಥಾನದಿಂದ ಹೊರಟು ಎರಡನೆಯದಾಗಿ ಗುರಿಮುಟ್ಟಿದಾಗ ಎಷ್ಟೋ ಕನ್ನಡಿಗರು ಎದೆಯುಬ್ಬಿಸಿದ್ದರು. ಕಾರಿನ ಮೇಲೆ ಕಿಂಗ್‌ಫಿಶರ್ ಎಂಬ ಹೆಸರಿತ್ತು. ಅದು ಬಿಯರಿನದೂ ಹೌದು, ವಿಮಾನ ಕಂಪನಿಯದೂ ಹೌದು. ಆ ವಿಮಾನಗಳ ಹಾರಾಟ 2012ರ ಅಕ್ಟೋಬರಿನಲ್ಲಿ ನಿಂತಿತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಆ ಕಾರಿನ ಮುಂದೆ ನಿಂತು ಬಾವುಟದ ಬಣ್ಣವನ್ನಷ್ಟೇ ನೋಡಿದರೆ ಅರ್ಧ ಕಥೆಯನ್ನು ಓದಿದಂತೆ.

ಒಂದು ಆಕ್ಷೇಪ ಬರಬಹುದು: ಮಕ್ಕಳಿರುವ ಮನೆ, ನೆರೆಯ ಎಳೆಯ ಹುಡುಗರು ಬಂದು ನೋಡುತ್ತಾರೆ, ಅವರಿಗೆ ಕಾಣುವುದು ಚೆಂದದ ಕಾರು ಮಾತ್ರ, ನಿಮ್ಮ ತತ್ವವಲ್ಲ. ನಮ್ಮ ಮನೆಯವರೇ ಈ ಮಾತೆತ್ತಿದರು. ‘ರೀ, ಕೆಳಗಿನ ಮನೆಯ ಪುಟ್ಟ ಅಷ್ಟುದ್ದದ ಚೀಟಿ ಓದುತ್ತಾ ಕೂರ್ತಾನಾ?’ ಎಂದರು. ಮಾತು ನಿಜ. ಆದ್ದರಿಂದ ಕಾರುಗಳ ಸ್ಥಾನ ಬದಲಾಯಿತು. ಮೆಕ್‌ಲಾರೆನ್ ಎಳೆಯರ ಕಣ್ಣಿನ ಎತ್ತರದಿಂದ ಮೇಲೆ, ಗೊಮ್ಮಟನ ಪಕ್ಕಕ್ಕೆ ಹೋಯಿತು. ಎಲ್ಲವನ್ನೂ ತೊರೆದು ನಿಂತವನ ಮಗ್ಗುಲಲ್ಲಿ ಸಿಗರೇಟಿನ ಕಾರು! ಜಾಗದ ಕೊರತೆಯಿರುವ ಊರಿನಲ್ಲಿ ಇಂಥ ಸಹವಾಸಗಳು ತಪ್ಪಿದ್ದಲ್ಲ.

ಆಗಸ್ಟಿನ ಒಂದು ಭಾನುವಾರ ಅಂಟಿಸಿದೆವು. ಬಟ್ಟಲಲ್ಲಿ ನೀರು, ಚಿಮುಟ, ಹತ್ತಿ. ನಾವು ಅಕ್ಷರಗಳನ್ನು ಜಾರಿಸಿದೆವು, ಮಗ ಹತ್ತಿಯಿಂದ ಒತ್ತಿದ, ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಓರೆಯಾಗಿದೆಯೇ ಎಂದು ನೋಡಿ ಬೆರಳಿನಿಂದ ಸನ್ನೆ ಮಾಡಿದರು. ಅನಂತರ ಮಗ ಒಂದು ಚೀಟಿ ಬರೆಯಲು ಕುಳಿತ. ಕನ್ನಡದಲ್ಲೇ ಬರೆಯಬೇಕೆಂದು ನಾವು ಷರತ್ತು ಹಾಕಿದ್ದೆವು. ಇಂಗ್ಲಿಷ್ ಶಾಲೆಯ ಹುಡುಗ. ನಾಲ್ಕು ಸಾಲಿಗೆ ಅರ್ಧ ಗಂಟೆ ತೆಗೆದುಕೊಂಡ. ಬರೆದದ್ದು ಇಷ್ಟು: ‘ಮೆಕ್‌ಲಾರೆನ್, 1988. ಹದಿನಾರರಲ್ಲಿ ಹದಿನೈದು ಗೆಲುವು. ಇದಕ್ಕೆ ಹಣ ಕೊಟ್ಟವರು ಸಿಗರೇಟು ಮಾರುವವರು. ಸಿಗರೇಟು ಜನರನ್ನು ಕೊಲ್ಲುತ್ತದೆ. ಅದರೊಳಗಿನ ಹೊಗೆಸೊಪ್ಪನ್ನು ನಮ್ಮ ಮನೆಯವರೂ ಬೆಳೆದಿದ್ದಾರೆ.’

ಕೊನೆಯ ಸಾಲನ್ನು ಬರೆಯಲು ನಾವು ಹೇಳಿರಲಿಲ್ಲ.

ಅವನು ‘ಹೊಗೆಸೊಪು’ ಎಂದು ಬರೆದಿದ್ದ. ಚಿಕ್ಕಪ್ಪ ಪೆನ್ನು ತೆಗೆದುಕೊಂಡು ಪಕಾರಕ್ಕೆ ಒತ್ತು ಕೊಟ್ಟರು. ಸೆಪ್ಟೆಂಬರಿನಲ್ಲಿ ಚಿಕಿತ್ಸೆ ಮುಗಿದು ಅವರು ಊರಿಗೆ ಹೋದರು. ಅಲ್ಲಿ ಬ್ಯಾರನ್ನಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಮುಂದಿನ ವರ್ಷ, 2024ರ ಚಳಿಗಾಲದಲ್ಲಿ, ತೀರಿಕೊಂಡರು. ಆ ಚೀಟಿ ಈಗಲೂ ಕಪಾಟಿನಲ್ಲಿದೆ. ಮನೆಗೆ ಬಂದವರು ‘ಮಗ ಇನ್ನೂ ಆಟಿಕೆ ಬಿಟ್ಟಿಲ್ಲವೇ?’ ಎಂದು ಕೇಳಿದರೆ ನಾವೀಗ ವಿವರಿಸುವ ಗೋಜಿಗೆ ಹೋಗುವುದಿಲ್ಲ. ಕಪಾಟಿನ ಬಾಗಿಲು ತೆರೆದು ಚೀಟಿಯನ್ನು ಕೈಗೆ ಕೊಡುತ್ತೇವೆ, ಕಾಫಿ ಆರುವ ಮುಂಚೆ ಓದಬಹುದು.